ಬ್ರೌಸರ್‌ಗೆ ತೆರೆಯುವ ಗೇಟು ಪಿಪ್‌ಗೆ ಏಕೆ ಮುಚ್ಚಿದೆ?

ಪ್ರಶ್ನೆ: ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿದ್ದೇನೆ. ಪ್ಲಾಂಟರುಗಳ ಔಟ್‌ಟರ್ನ್ ಲೆಕ್ಕದ ಎಕ್ಸೆಲ್ ಶೀಟುಗಳನ್ನು ಒಂದುಗೂಡಿಸಲೆಂದು ಪೈಥಾನ್ ಕಲಿತೆ. ಮನೆಯಲ್ಲಿ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಸಾಧನ) ಬಳಸಿ ಪಾಂಡಾಸ್ ಎಂಬ ಪ್ಯಾಕೇಜು ಸಲೀಸಾಗಿ ಇನ್‌ಸ್ಟಾಲ್ ಆಯಿತು. ಆಫೀಸಿನಲ್ಲಿ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದು ನಿಲ್ಲುತ್ತದೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ, ಈ ಪ್ಯಾಕೇಜುಗಳು ಸಿಗುವ ಪೈಪಿಐ ತಾಣ ತೆರೆಯುತ್ತದೆ! ಐಟಿಯವರು ಇರುವುದು ಬೆಂಗಳೂರಿನ ಹೆಡ್ ಆಫೀಸಿನಲ್ಲಿ. ಗೆಳೆಯರೊಬ್ಬರು ‘ಟ್ರಸ್ಟೆಡ್ ಹೋಸ್ಟ್’ ಸೇರಿಸು, ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೋ ಎನ್ನುತ್ತಾರೆ. ಯಾವುದು ಸರಿ?
– ಹೆಸರು ಬೇಡ, ಹಾಸನ

ಉತ್ತರ: ಎರಡೂ ಬೇಡ. ಹಾಟ್‌ಸ್ಪಾಟ್ ಹಾಕಿದರೆ ಕೆಲಸವೇನೋ ಆಗುತ್ತದೆ, ಆದರೆ ಕಂಪನಿಯ ಯಂತ್ರವನ್ನು ಹಿಂಬಾಗಿಲಿನಿಂದ ಹೊರಗೆ ಜೋಡಿಸಿದಂತೆ. ನಾಳೆ ಮೆಮೋ ಬಂದರೆ ಆ ಗೆಳೆಯರು ಬರುವುದಿಲ್ಲ.

ನಿಮ್ಮ ಎರರ್‌ ಒಂದು ಒಳ್ಳೆಯ ಸುದ್ದಿಯನ್ನೂ ಹೇಳುತ್ತಿದೆ. ಫೈರ್‌ವಾಲ್ ದಾರಿಯನ್ನೇ ಕಡಿದಿದ್ದರೆ ‘ಟೈಮ್ಡ್ ಔಟ್’ ಬರುತ್ತಿತ್ತು. ನೆಟ್‌ಗೆ ಹೋಗುವ ದಾರಿಯ ಮಧ್ಯವರ್ತಿ ಸರ್ವರಿಗೆ, ಅಂದರೆ ಪ್ರಾಕ್ಸಿಗೆ, ಪಾಸ್‌ವರ್ಡ್ ಬೇಕಿದ್ದರೆ 407 ಎಂಬ ಸಂಖ್ಯೆ ಕಾಣುತ್ತಿತ್ತು. (ಆ ಪಾಸ್‌ವರ್ಡಿನಲ್ಲಿ ‘@’ ಇದ್ದರೆ ಪ್ರಾಕ್ಸಿ ವಿಳಾಸದೊಳಗೆ ‘%40’ ಎಂದು ಬರೆಯಬೇಕು. ಇದು ಗೊತ್ತಿಲ್ಲದೆ ನಾನೇ ಅರ್ಧ ದಿನ ಕಳೆದುಕೊಂಡಿದ್ದೇನೆ.) ನೀವು ಸಿಕ್ಕಿಕೊಂಡಿರುವುದು ಸರ್ಟಿಫಿಕೇಟಿನಲ್ಲಿ, ಅಂದರೆ ತಾಣದ ಗುರುತುಪತ್ರದಲ್ಲಿ ಮಾತ್ರ.

ನಿಮ್ಮ ವರ್ಕ್ಸ್‌ನ ಗೇಟಿನಲ್ಲಿ ಎಸ್ಟೇಟಿನಿಂದ ಬಂದ ಮೂಟೆಯನ್ನೆಲ್ಲ ಬಿಚ್ಚಿ ನೋಡಿ, ಮತ್ತೆ ಹೊಲಿದು, ಗೇಟಿನವರದೇ ಸೀಲು ಒತ್ತಿ ಒಳಗೆ ಬಿಡುತ್ತಾರೆ ಅಂದುಕೊಳ್ಳಿ. ಅನೇಕ ಕಂಪನಿಗಳ ಫೈರ್‌ವಾಲ್ ಎನ್‌ಕ್ರಿಪ್ಟ್ ಆದ ಸಂಪರ್ಕಕ್ಕೆ ಮಾಡುವುದು ಇದನ್ನೇ. ಆ ಗೇಟಿನ ಸೀಲನ್ನು ಐಟಿಯವರು ವಿಂಡೋಸ್‌ನ ಸರ್ಟಿಫಿಕೇಟ್ ಪಟ್ಟಿಗೆ ಮೊದಲೇ ಸೇರಿಸಿರುತ್ತಾರೆ. ಬ್ರೌಸರ್ ಆ ಪಟ್ಟಿ ನೋಡಿ ಒಪ್ಪಿಕೊಳ್ಳುತ್ತದೆ. ಹಳೆಯ ಪಿಪ್ ವಿಂಡೋಸ್ ಪಟ್ಟಿಯನ್ನು ನೋಡುವುದೇ ಇಲ್ಲ, ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ. ‘ಇದು ಎಸ್ಟೇಟಿನ ಸೀಲಲ್ಲ’ ಎಂದು ಮೂಟೆಯನ್ನು ವಾಪಸು ಕಳಿಸುತ್ತದೆ. ಅದು ಮಾಡುತ್ತಿರುವುದು ಸರಿಯೇ.

‘ಟ್ರಸ್ಟೆಡ್ ಹೋಸ್ಟ್’ ಎಂದರೆ ಸೀಲನ್ನೇ ನೋಡಬೇಡ ಎಂದು ಹೇಳಿದಂತೆ. ಆಗ ಸೀಲು ಕಂಪನಿಯದೋ ಕಳ್ಳನದೋ ಪಿಪ್‌ಗೆ ತಿಳಿಯುವುದಿಲ್ಲ. ಬರುವುದು ನಿಮ್ಮ ಯಂತ್ರದಲ್ಲಿ ಓಡುವ ಕೋಡು ಎಂಬುದು ನೆನಪಿರಲಿ.

ಪಿಪ್ 24.2ರಿಂದ ಈಚೆಗೆ, ಪೈಥಾನ್ 3.10 ಅಥವಾ ಅದಕ್ಕೂ ಹೊಸದರ ಮೇಲೆ, ಪಿಪ್ ತಾನಾಗಿ ವಿಂಡೋಸ್ ಪಟ್ಟಿಯನ್ನೇ ನೋಡುತ್ತದೆ. ಆದರೆ ಪಿಪ್ ಅನ್ನು ಹೊಸದು ಮಾಡಲು ಅದೇ ಪಿಪ್ ನೆಟ್‌ಗೆ ಹೋಗಬೇಕಲ್ಲ! ಹಾಗಾಗಿ ಬ್ರೌಸರಿನಿಂದ ಪೈಥಾನ್ 3.13 ಅಥವಾ ಹೊಸ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಹೊಸ ಪಿಪ್ ಅದರೊಳಗೇ ಬರುತ್ತದೆ. ಬಹುಪಾಲು ನಿಮ್ಮ ತೊಂದರೆ ಇಲ್ಲಿಗೇ ಮುಗಿಯಬೇಕು. ಮುಗಿಯದಿದ್ದರೆ ಕಂಪನಿಯ ರೂಟ್ ಸರ್ಟಿಫಿಕೇಟನ್ನು (ಆ ಗೇಟಿನ ಸೀಲನ್ನು) ‘ಪೆಮ್’ ಎಂಬ ಫೈಲಿನ ರೂಪದಲ್ಲಿ ಐಟಿಯವರಿಂದ ಕೇಳಿ ಪಡೆದು, ಪಿಪ್ ಕಾನ್ಫಿಗ್‌ನಲ್ಲಿ ‘ಗ್ಲೋಬಲ್ ಡಾಟ್ ಸರ್ಟ್’ ಎಂಬಲ್ಲಿ ಆ ಫೈಲಿನ ದಾರಿ ಕೊಡಿ.

ಐಟಿಗೆ ಮೇಲ್ ಬರೆಯುವಾಗ ‘ಇಂಟರ್‌ನೆಟ್ ತೆರೆದುಕೊಡಿ’ ಎನ್ನಬೇಡಿ, ಉತ್ತರವೇ ಬರುವುದಿಲ್ಲ. ಪ್ಯಾಕೇಜುಗಳನ್ನು ಕಂಪನಿಯೊಳಗೇ ಇಟ್ಟುಕೊಡುವ ನೆಕ್ಸಸ್ ಅಥವಾ ಆರ್ಟಿಫ್ಯಾಕ್ಟರಿಯಂಥ ಸರ್ವರ್ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಅದರ ವಿಳಾಸವನ್ನು ಪಿಪ್‌ಗೆ ಕೊಟ್ಟರಾಯಿತು. ಇಲ್ಲದಿದ್ದರೆ ‘ಪೈಪಿಐ ಡಾಟ್ ಆರ್ಗ್’ ಮತ್ತು ‘ಫೈಲ್ಸ್ ಡಾಟ್ ಪೈಥಾನ್‌ಹೋಸ್ಟೆಡ್ ಡಾಟ್ ಆರ್ಗ್’ – ಈ ಎರಡಕ್ಕೆ, 443ನೇ ಪೋರ್ಟಿನಲ್ಲಿ ಅನುಮತಿ ಬೇಕೆಂದು ಬರೆಯಿರಿ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಪ್ಯಾಕೇಜಿನ ಹೆಸರು ಸಿಗುವುದು ಮೊದಲನೆಯದರಲ್ಲಿ, ಫೈಲು ಇಳಿಯುವುದು ಎರಡನೆಯದರಿಂದ. ಪಾಂಡಾಸ್‌ನದು ಬಿಎಸ್‌ಡಿ ಲೈಸೆನ್ಸ್ ಎಂಬುದನ್ನೂ ಸೇರಿಸಿ, ಹೇಗೂ ಕೇಳಿಯೇ ಕೇಳುತ್ತಾರೆ. ಪುಕ್ಕಟೆಯೆಂದು ಅನಕೊಂಡಾ (ಪಾಂಡಾಸ್ ಮೊದಲೇ ಸೇರಿರುವ ಪೈಥಾನ್ ಕಟ್ಟು) ಹಾಕಲು ಹೋಗಬೇಡಿ: 200ಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಅದಕ್ಕೆ ಹಣ ಕೊಡಬೇಕಾಗುತ್ತದೆ.

ಏನೂ ಆಗದಿದ್ದರೆ, ಪೆನ್‌ಡ್ರೈವ್‌ಗೆ ಒಪ್ಪಿಗೆಯಿದ್ದರೆ, ಮನೆಯಲ್ಲಿ ‘ಪಿಪ್ ಡೌನ್‌ಲೋಡ್’ ಮಾಡಿ ತನ್ನಿ. ಎರಡೂ ಕಡೆ 64 ಬಿಟ್ ವಿಂಡೋಸ್ ಇರಬೇಕು, ಪೈಥಾನ್ ಆವೃತ್ತಿ ಒಂದೇ ಇರಬೇಕು. ಆಫೀಸಿನಲ್ಲಿ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಆಯ್ಕೆಗಳೊಂದಿಗೆ ಆ ಫೋಲ್ಡರಿನಿಂದಲೇ ಇನ್‌ಸ್ಟಾಲ್ ಆಗುತ್ತದೆ. ಪಾಂಡಾಸ್ ಜೊತೆಗೆ ಓಪನ್‌ಪೈಎಕ್ಸ್‌ಎಲ್ ಕೂಡ ಇಳಿಸಿಕೊಳ್ಳಿ. ಎಕ್ಸೆಲ್ ಫೈಲು ಓದಲು ಅದು ಬೇಕು, ಪಾಂಡಾಸ್ ಅದನ್ನು ತಾನಾಗಿ ತರುವುದಿಲ್ಲ.