ಕೊಟ್ಟಿಗೆಯ ಲೂನಾ ಮತ್ತು 2050ರ ಹೊಗೆ

ಪತ್ರ: ಸಾರಿಗೆಗೆ ಮುಂದೆ ಎಷ್ಟು ಇಂಧನ ಬೇಕು ಎಂದು ಅಂದಾಜು ಮಾಡುವುದನ್ನು ನೀವು ಕಳೆದ ಸಂಚಿಕೆಯಲ್ಲಿ ‘ಗಿಣಿಶಾಸ್ತ್ರ’ ಎಂದಿರಿ. ನಾನು ಎಂ.ಟೆಕ್ ವಿದ್ಯಾರ್ಥಿ. 2050ಕ್ಕೆ ಭಾರತದ ವಾಹನಗಳು ಎಷ್ಟು ಇಂಧನ ಸುಡುತ್ತವೆ, ಎಷ್ಟು ಹೊಗೆ ಬಿಡುತ್ತವೆ ಎಂಬುದೇ ನನ್ನ ಪ್ರಾಜೆಕ್ಟ್. ಜನಸಂಖ್ಯೆ, ಆದಾಯ, ವಾಹನಗಳ ಸಂಖ್ಯೆ ಇಟ್ಟುಕೊಂಡು ಲೆಕ್ಕದ ಮಾಡೆಲ್ ಕಟ್ಟುತ್ತೇವೆ. ಇದಿಲ್ಲದೆ ಸರ್ಕಾರ ಯೋಜನೆ ಮಾಡುವುದು ಹೇಗೆ?
– ಓದುಗ, ದಾವಣಗೆರೆ

ಉತ್ತರ: ಗಿಣಿಶಾಸ್ತ್ರ ಅನ್ನಬಾರದಿತ್ತು, ಒಪ್ಪಿದೆ. ರೈಲು ಮಾರ್ಗಕ್ಕಾಗಲಿ ತೈಲ ಕಾರ್ಖಾನೆಗಾಗಲಿ ಹತ್ತು ವರ್ಷ ಮೊದಲೇ ದುಡ್ಡು ಸುರಿಯಬೇಕು. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟಷ್ಟು ಹೊಗೆಯನ್ನು ಹೀರಿಕೊಂಡು ಲೆಕ್ಕ ಸರಿ ಮಾಡುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟು ಬಂದ ದೇಶಕ್ಕೆ ಲೆಕ್ಕ ಬೇಕೇ ಬೇಕು. ನಿಮ್ಮ ಪರವಾಗಿ ನಾನು ಹೇಳುವುದು ಇಷ್ಟೇ.

ನಮ್ಮೂರ ಮನೆಯ ಕೊಟ್ಟಿಗೆಯಲ್ಲಿ ಒಂದು ಹಳೇ ಲೂನಾ ಮೊಪೆಡ್ ಇದೆ. ಅಪ್ಪ ಅದನ್ನು ಕೊನೆಯ ಸಲ ಓಡಿಸಿದ್ದು ನಾನು ಕಾಲೇಜಿನಲ್ಲಿದ್ದಾಗ. ಸೀಟಿನ ಸ್ಪಂಜು ಇಲಿ ತಿಂದಿದೆ, ಹ್ಯಾಂಡಲ್ ಮೇಲೆ ಕೋಳಿ ಮಲಗುತ್ತದೆ. ನೋಂದಣಿ ಮಾತ್ರ ಯಾರೂ ರದ್ದು ಮಾಡಿಸಿಲ್ಲ. ದೇಶದಲ್ಲಿ ನೋಂದಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ. ಅವುಗಳಲ್ಲಿ ಇಂಥ ಲೂನಾ ಎಷ್ಟೋ! ಸತ್ತದ್ದನ್ನು ಕಳೆಯದೆ ಹೊಸದನ್ನಷ್ಟೇ ಕೂಡಿಸುತ್ತಾ ಹೋದರೆ ನಿಮ್ಮ 2050 ಇವತ್ತೇ ತಪ್ಪಿತು. ಇದಕ್ಕೆ ಇಷ್ಟು ಪಾಲು ಕಳೆಯಿರಿ ಎಂದು ನಿಮ್ಮ ಗೈಡ್ ಹೇಳಿರುತ್ತಾರೆ, ಗೊತ್ತು. ಅದೂ ಒಂದು ಅಂದಾಜೇ ಅಲ್ವಾ?

ಇನ್ನು ಆದಾಯ. ಅದು ಏರಿದರೆ ಓಡಾಟ ಏರುತ್ತದೆ, ಗಾಡಿ ಏರುತ್ತದೆ ಎಂದು ಗೆರೆ ಎಳೆಯುತ್ತೀರಿ. 2023ರ ಜೂನ್ 11ಕ್ಕೆ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ನಮ್ಮ ಆಫೀಸು ಗುಡಿಸುವ ಹೆಂಗಸು ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿದ್ದರು. ಆ ವರ್ಷ ದೀಪಾವಳಿಯೊಳಗೆ ನಾಲ್ಕು ಸಲ ಹೋಗಿ ಬಂದರು. ಬರುವಾಗ ನಮಗೂ ಒಂದು ಚೀಲ ಹುರಿಗಡಲೆ. ಆಕೆಯ ಸಂಬಳ ಒಂದು ರೂಪಾಯಿ ಜಾಸ್ತಿ ಆಗಿರಲಿಲ್ಲ (ಆ ತಪ್ಪು ನನ್ನದು). ದಿಲ್ಲಿಯ ಕತೆಯೂ ಹೀಗೇ. 2030ರ ಹೊತ್ತಿಗೆ ಒಂದೂ ಪೆಟ್ರೋಲ್, ಡೀಸೆಲ್ ಕಾರು ಮಾರಾಟವಾಗಬಾರದು ಎಂದು 2017ರಲ್ಲಿ ಆಗಿನ ಇಂಧನ ಸಚಿವ ಪಿಯೂಷ್ ಗೋಯಲ್ ಹೇಳಿದ್ದರು. ಆಮೇಲೆ ಆ ಮಾತು, ಮಾರುವ ಕಾರುಗಳಲ್ಲಿ ನೂರಕ್ಕೆ 30 ವಿದ್ಯುತ್ತಿನವಾದರೆ ಸಾಕು ಎಂಬಲ್ಲಿಗೆ ಇಳಿಯಿತು. ಪೆಟ್ರೋಲಿಗೆ ನೂರಕ್ಕೆ 20 ಎಥನಾಲ್ ಬೆರೆಸುವ ಗುರಿಯೂ ಮೊದಲು 2030ಕ್ಕೇ ಇತ್ತು. ಅದು 2025ಕ್ಕೇ ಮುಟ್ಟಿತು. ಯಾವ ಗೆರೆ ಇದನ್ನೆಲ್ಲ ಹೇಳೀತು?

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಕಡೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಡುವ ಬಸ್ಸಿನಲ್ಲಿ 50 ಜನ ಕೂತರೆ ಕಿಲೋಮೀಟರಿಗೆ ತಲಾ 12 ಗ್ರಾಂ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬನೇ ಹೋದರೆ 150 ಗ್ರಾಂ ದಾಟುತ್ತದೆ. ನಡೆದರೆ ಸೊನ್ನೆ. 2011ರ ಜನಗಣತಿಯಲ್ಲಿ, ಹೊಲಗದ್ದೆಯವರನ್ನು ಬಿಟ್ಟು ಉಳಿದವರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದ್ದರು. ಹೊರಗೆ ಹೋಗುವವರಲ್ಲಿ ನಡೆದು ಹೋಗುವವರೇ ಎಲ್ಲರಿಗಿಂತ ಜಾಸ್ತಿ. ಕಾರಿನವರು ನೂರಕ್ಕೆ ಐವರೂ ಇರಲಿಲ್ಲ. ಆದರೆ ನಡೆಯುವವನು ಬಂಕಿಗೆ ಹೋಗುವುದಿಲ್ಲ, ರಿಜಿಸ್ಟರಿನಲ್ಲಿ ಇರುವುದಿಲ್ಲ. ಹಾಗಾಗಿ ನಿಮ್ಮ ಮಾಡೆಲ್ಲಿಗೂ ಬರುವುದಿಲ್ಲ. ಕಾರು ಇಷ್ಟು ಪಟ್ಟು ಆಗುತ್ತದೆ ಎಂದು ನೀವು ಬರೆಯುತ್ತೀರಿ. ಓದಿದ ಇಂಜಿನಿಯರ್ ಅದಕ್ಕೆ ಫ್ಲೈಓವರ್ ಕಟ್ಟುತ್ತಾನೆ. ಫ್ಲೈಓವರ್ ಇದೆಯಲ್ಲ ಎಂದು ಜನ ಕಾರು ಕೊಳ್ಳುತ್ತಾರೆ. ಅಂದಾಜು ನಿಜವಾಯಿತು ಎಂದು ನಿಮಗೆ ಸನ್ಮಾನ! ನಮ್ಮ ಆಫೀಸಿನ ಮುಂದಿನ ಫುಟ್‌ಪಾತ್ ಹೋದದ್ದು ಹೀಗೇ. ರಸ್ತೆ ದಾಟಿ ಟೀ ಕುಡಿಯಲು ಈಗ ನಾನು ವಿಲ್ ಬರೆದಿಟ್ಟು ಹೋಗಬೇಕು.

ರೈಲಿನ ಕತೆಯೂ ಅಷ್ಟೇ. ಸ್ವಾತಂತ್ರ್ಯದ ಹೊಸತರಲ್ಲಿ ಸರಕಿನ ಬಹುಪಾಲು ರೈಲಿನಲ್ಲಿ ಹೋಗುತ್ತಿತ್ತು. ಈಗ ಮೂರನೇ ಒಂದು ಪಾಲೂ ಇಲ್ಲ. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ರೈಲಿಗೆ ಹತ್ತಿಸುತ್ತಿದ್ದಾರೆ. ಸುರತ್ಕಲ್‌ನಲ್ಲಿ ಒಮ್ಮೆ ನಿಂತು ನೋಡಿದೆ. ಸಾಲಾಗಿ ಲಾರಿಗಳು, ಚಕ್ರಕ್ಕೆಲ್ಲ ಬಿಗಿ. ಒಬ್ಬ ಡ್ರೈವರ್ ಕ್ಯಾಬಿನ್ನಿನಲ್ಲಿ ಕಾಲು ಚಾಚಿ, ಲುಂಗಿ ಸರಿ ಮಾಡಿಕೊಳ್ಳುತ್ತಾ ಬೀಡಿ ಹುಡುಕುತ್ತಿದ್ದ. ಘಾಟಿಯ ತಿರುವಿಲ್ಲ, ಡೀಸೆಲ್ ಖರ್ಚಿಲ್ಲ. ಕೊಂಕಣದ ಹಳಿಗೆ 2022ರಲ್ಲಿ ವಿದ್ಯುತ್ತೂ ಬಂತು. ಇಂಥದ್ದು ಹತ್ತು ಕಡೆ ಆದರೆ ಹೊಗೆ ಎಷ್ಟು ಇಳಿದೀತು, ಅದನ್ನು ಲೆಕ್ಕ ಹಾಕಿ ಮಾರಾಯ್ರೇ. ನಿಮ್ಮಂಥ ಜಾಣರು ಅಪರೂಪ, ಸುಮ್ನೆ ಹೊಗಳುತ್ತಿಲ್ಲ.

ಅದಕ್ಕೂ ಮೊದಲು ಒಂದು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ದಾವಣಗೆರೆಯ ಬಸ್ ಸ್ಟ್ಯಾಂಡ್ ಮುಂದೆ ನಿಲ್ಲಿ. ನಡೆದು ಬಂದವರೆಷ್ಟು, ಬಸ್ಸಿಳಿದವರೆಷ್ಟು, ಕಾರಿನಲ್ಲಿ ಒಬ್ಬರೇ ಬಂದವರೆಷ್ಟು ಎಂದು ಬರೆದು ಕಳಿಸಿ. ಎರಡು ಪುಟ ಬಿಟ್ಟಿರುತ್ತೇನೆ. ಸಮೀಕರಣ ಇದ್ದರೆ ಒಂದೇ ಪುಟ.