ಬೀಗದ ಕೈ ಯಾರ ಹತ್ತಿರ ಇದೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮೂರ ಸಮುದಾಯ ಭವನದ ಮೈದಾನಕ್ಕೆ ತಂತಿ ಬೇಲಿ, ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದೆವು. ದನ ನುಗ್ಗೋದು ನಿಂತಿತು, ಬಾಟಲಿ ಬೀಳೋದೂ ನಿಂತಿತು. ಈಗ ಜನವೇ ಬರುತ್ತಿಲ್ಲ. ಊರಿನವರಿಗೆ ಆಸಕ್ತಿಯೇ ಇಲ್ಲವೆ?'

ಆಸಕ್ತಿ ಇದೆ ಸ್ವಾಮಿ, ದಾರಿ ಇಲ್ಲ.

ನಿಮ್ಮ ಕಷ್ಟ ಗೊತ್ತು. ನೆಟ್ಟ ಗಿಡವನ್ನು ದನ ಮೇಯ್ದು ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಊರೊಟ್ಟಿನ ಆಸ್ತಿಗಳ ಅಧ್ಯಯನಕ್ಕೆ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕೂಡ ಎಲ್ಲೆ ಸ್ಪಷ್ಟವಾಗಿರಬೇಕು ಎಂದೇ ಹೇಳಿದರು. ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ನಿಯಮ ಮಾಡುವಾಗ ಬಳಸುವವರ ಮಾತೂ ನಡೆಯಬೇಕು. ಗೇಟಿಗೆ ಬೀಗ ಹಾಕುವ ಮುಂಚೆ ಯಾರನ್ನು ಕೇಳಿದಿರಿ? ಸಂಜೆ ಆಡಲು ಬರುವ ಮಕ್ಕಳನ್ನಂತೂ ಕೇಳಿರಲಿಕ್ಕಿಲ್ಲ, ಅಲ್ವಾ?

ಮಲೆನಾಡಿನವರಿಗೆ ಬೇಲಿ ಹೊಸದೇನಲ್ಲ. ಹಳೇ ಮನೆಗಳ ದಣಪೆ ನೆನಪಿಸಿಕೊಳ್ಳಿ. ಎರಡು ಕಂಬ, ಕಂಬದಲ್ಲಿ ತೂತು, ಅಡ್ಡಕ್ಕೆ ಬಿದಿರಿನ ಗಳ. ದನ ಅಲ್ಲಿಗೇ ನಿಲ್ಲುತ್ತದೆ. ಮನುಷ್ಯ ಗಳ ಸರಿಸಿ ಒಳಗೆ ಬರುತ್ತಾನೆ, ಮತ್ತೆ ಎಳೆದು ಹಾಕುತ್ತಾನೆ. ಕೀಲಿಗಾಗಿ ಯಾರನ್ನೂ ಬೇಡಬೇಕಿಲ್ಲ. ಬಂದವನಿಗೆ ಜಗಲಿ ಮೇಲೆ ನೀರು, ಬೆಲ್ಲ. ನಿಮ್ಮ ಗೇಟಿಗೆ ದನವೂ ಒಂದೇ, ನೆಂಟನೂ ಒಂದೇ.

ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಸುತ್ತ ಕಬ್ಬಿಣದ ಬೇಲಿ, ಎತ್ತರದ ಪೊದೆ ಇತ್ತು. 1970ರ ದಶಕದಲ್ಲಿ ಅದು ಮಾದಕವಸ್ತು ಮಾರುವವರ ಅಡ್ಡೆಯಾಯಿತು. ಹೊರಗಿನವರ ಕಣ್ಣಿಗೆ ಬೀಳದ ಜಾಗ ಅವರಿಗೇ ಅನುಕೂಲ ಎಂದು ನಗರದ ಸಾರ್ವಜನಿಕ ಜಾಗಗಳನ್ನು ಅಧ್ಯಯನ ಮಾಡಿದ ವಿಲಿಯಂ ವೈಟ್ ತೋರಿಸಿಕೊಟ್ಟರು. ಪೊದೆ ತೆಗೆದರು, ದಾರಿ ಜಾಸ್ತಿ ಮಾಡಿದರು, ಬೇಕಾದಲ್ಲಿಗೆ ಎಳೆದುಕೊಂಡು ಕೂರುವ ಕುರ್ಚಿ ಹಾಕಿದರು. 1992ರಲ್ಲಿ ಮತ್ತೆ ತೆರೆದಾಗ ಜನ ತುಂಬಿಕೊಂಡರು. ನಿಮ್ಮಲ್ಲೂ ಅಷ್ಟೇ. ಹುಡುಗರು ವಾಲಿಬಾಲ್ ಆಡುವ ಕಡೆ ಕುಡುಕರು ಕೂರೋದಿಲ್ಲ.

ಶಿವಮೊಗ್ಗದಲ್ಲಿ ಹಳೇ ಜೈಲಿನ ಜಾಗವೇ ಈಗ ಜನರ ಮೈದಾನ. ಹಳ್ಳಿಗಳಲ್ಲಿ ಮಾತ್ರ ಅರಳಿಕಟ್ಟೆಗೆ ಗ್ರಿಲ್, ಕೆರೆ ದಂಡೆಗೆ ಮುಳ್ಳುತಂತಿ, ಶಾಲೆ ಬಯಲಿಗೆ ಸಂಜೆ ಬೀಗ. ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನಬೆಟ್ಟದ ಕಾಲುದಾರಿಗೂ ತಂತಿ ಬಿಗಿಯುತ್ತಿದ್ದಾರೆ. ಮೊನ್ನೆ ಒಂದೂರಿನ ವಾಚನಾಲಯಕ್ಕೆ ಹೋಗಿದ್ದೆ. ಪೇಪರ್ ಒಳಗೆ, ಓದುವವರು ಗೇಟಿನ ಹೊರಗೆ, ಬೀಗದ ಕೈ ಪೇಟೆಗೆ ಹೋದವರ ಜೇಬಿನಲ್ಲಿ! ಇಷ್ಟೆಲ್ಲ ದುಡ್ಡು ಕಂಬಕ್ಕೆ, ತಂತಿಗೆ ಸುರಿಯುವವರು ಕೂರಲು ಒಂದು ಬೆಂಚು ಹಾಕಿಸೋದಿಲ್ಲ.

ಬೇಲಿ ಕಿತ್ತುಹಾಕಿ ಎನ್ನಲಾರೆ. ರಸ್ತೆ ಕಡೆಗೊಂದು, ಶಾಲೆ ಕಡೆಗೊಂದು ದಣಪೆ ಇಡಿಸಿ. ಗೇಟಿನ ಬೀಗ ತೆಗೆಯಿರಿ. ಬಾಟಲಿ ಬಿದ್ದರೆ ಭಾನುವಾರ ಎಲ್ಲರನ್ನೂ ಕರೆದು ಹೆಕ್ಕಿಸಿ. ಊರಿನ ಬಗ್ಗೆ ಇಷ್ಟು ಕಾಳಜಿ ಇರುವ ನಿಮಗೆ ಇದು ಕಷ್ಟವಲ್ಲ. ಮಳೆಗಾಲ ಕಳೆದ ಮೇಲೆ ಹೇಗಿದೆ ಅಂತ ಮತ್ತೆ ಬರೆಯಿರಿ.

– ಸಂಪಾದಕ