ವರದಿ ಮೊದಲು ಊರಿಗೆ ಬರಲಿ

ಮಲೆನಾಡಿನ ಅಂಚಿನ ಗ್ರಾಮ ಪಂಚಾಯಿತಿಯೊಂದರ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಮಗೆ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಸಾರ್ವಜನಿಕ ನೀತಿ ಓದುವ ಮಕ್ಕಳು ಬೆಂಗಳೂರಿನಿಂದ ಪ್ರತಿ ವರ್ಷ ನಮ್ಮ ಪಂಚಾಯಿತಿಗೆ ಬರುತ್ತಾರೆ. ರಿಜಿಸ್ಟರ್ ಕೇಳುತ್ತಾರೆ, ಮನೆ ಮನೆಗೆ ಹೋಗಿ ಫಾರಂ ತುಂಬಿಸುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ವರದಿ ಬರೆದರಂತೆ, ಒಳ್ಳೆ ಅಂಕ ಬಂತಂತೆ. ನಮಗೆ ಅದರ ಒಂದು ಹಾಳೆಯೂ ಬಂದಿಲ್ಲ. ನಮ್ಮಲ್ಲಿ ಒಣ ಕಸ ಕೊಡಿ ಅಂತ ಎಷ್ಟು ಹೇಳಿದರೂ ಜನ ಕೊಡಲ್ಲ. ಅದರ ಬಗ್ಗೆ ನೋಡಿ ಅಂದರೆ ಅವರ ವಿಷಯ ಮೊದಲೇ ಕಾಲೇಜಿನಲ್ಲಿ ಫಿಕ್ಸ್ ಆಗಿರುತ್ತದೆ. ಈ ಸಲ ನಾಲ್ಕು ಜನರನ್ನು ಆರು ವಾರ ಇಟ್ಟುಕೊಳ್ಳಿ ಅಂತ ಮತ್ತೆ ಪತ್ರ ಬಂದಿದೆ. ಒಪ್ಪಲೋ ಬೇಡವೋ? ಒಪ್ಪಿದರೆ, ಬಾಕಿ ಬಿದ್ದಿರುವ ಕಂಪ್ಯೂಟರ್ ಎಂಟ್ರಿಯನ್ನಾದರೂ ಮಾಡಿಸಿಕೊಳ್ಳಬಹುದಾ?"

ಸಂಪಾದಕರ ಉತ್ತರ:

ಒಪ್ಪಿಕೊಳ್ಳಿ. ಆದರೆ ಹಿಂದಿನ ವರ್ಷಗಳ ಹಾಗೆ ಬೇಡ.

ನಿಮ್ಮ ಬೇಸರ ನ್ಯಾಯವಾದದ್ದು. ಕಂದಾಯ, ಕುಡಿಯುವ ನೀರು, ಬೀದಿ ದೀಪ, ಆಸ್ತಿ ದಾಖಲೆಯ ಇ-ಸ್ವತ್ತು ಎಲ್ಲವೂ ನಿಮ್ಮ ಮೇಜಿಗೇ ಬರುತ್ತವೆ. ಇದರ ಮಧ್ಯೆ ವಿದ್ಯಾರ್ಥಿಗಳ ಜೊತೆ ಗಂಟೆಗಟ್ಟಲೆ ಕೂತು ಲೆಕ್ಕ ಬಿಡಿಸಿ ಹೇಳಿದ್ದೀರಿ. ಮನೆಯವರೂ ಕೆಲಸ ಬಿಟ್ಟು ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ. ಅಷ್ಟಾದ ಮೇಲೆ ಏನು ಗೊತ್ತಾಯ್ತು ಅಂತ ಒಂದು ಮಾತು ಹೇಳದೆ ಹೋಗುವುದು ತಪ್ಪು. ಈ ತಪ್ಪು ಮಕ್ಕಳದ್ದಕ್ಕಿಂತ ಜಾಸ್ತಿ ಅವರನ್ನು ಕಳಿಸುವ ಕಾಲೇಜುಗಳದ್ದು.

ಹಾಗಂತ ವಿದ್ಯಾರ್ಥಿಗಳು ಊರಿಗೆ ಬಂದು ಮಾಡುವ ಕೆಲಸವೇ ದಂಡ ಅನ್ನಬೇಡಿ. 2011ರ ಬೇಸಿಗೆಯಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೆಜ್ ಮತ್ತು ರೀತಿಕಾ ಖೇರಾ ನೇತೃತ್ವದಲ್ಲಿ ವಿದ್ಯಾರ್ಥಿಗಳು ಒಂಬತ್ತು ರಾಜ್ಯಗಳ ಹಳ್ಳಿಗಳಿಗೆ ಹೋದರು. ಸುಮಾರು 1,200 ಬಡ ಕುಟುಂಬಗಳನ್ನು ಮಾತಾಡಿಸಿದರು. ರೇಷನ್ ಎಷ್ಟು ಬರಬೇಕು, ಎಷ್ಟು ಬರುತ್ತಿದೆ, ಧಾನ್ಯದ ಬದಲು ಹಣ ಕೊಟ್ಟರೆ ಆಗುತ್ತಾ, ಇವು ಪ್ರಶ್ನೆಗಳು. ಮೂರನೇ ಎರಡರಷ್ಟು ಜನ ನಮಗೆ ಧಾನ್ಯವೇ ಇರಲಿ ಎಂದರು. ರೇಷನ್ ಅಂಗಡಿ ನೆಟ್ಟಗೆ ನಡೆಯುತ್ತಿದ್ದ ರಾಜ್ಯಗಳಲ್ಲಿ ಹೀಗೆ ಹೇಳಿದವರು ಇನ್ನೂ ಜಾಸ್ತಿ. ಆಗ ರೇಷನ್ ವ್ಯವಸ್ಥೆ ಹದಗೆಟ್ಟಿದ್ದ ಬಿಹಾರದಲ್ಲಿ ಮಾತ್ರ ಹಣ ಕೇಳಿದವರು ಹೆಚ್ಚಿದ್ದರು. ಅಂದರೆ ಜನ ಹಣ ಕೇಳುವುದಕ್ಕೂ ಅವರೂರಿನ ಅಂಗಡಿ ಬಾಗಿಲು ತೆರೆಯದೇ ಇರುವುದಕ್ಕೂ ನಂಟಿದೆ. ದೆಹಲಿಯಲ್ಲಿ ಕೂತು ಇದನ್ನು ಊಹಿಸುವುದು ಕಷ್ಟ. ಬಿಸಿಲಲ್ಲಿ ಮನೆ ಮನೆ ತಿರುಗಿದ ಹುಡುಗ ಹುಡುಗಿಯರು ಇದನ್ನು ತಂದರು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬರುವ ತನಕ ನಡೆದ ಚರ್ಚೆಯಲ್ಲಿ ಈ ಉತ್ತರಗಳು ಮತ್ತೆ ಮತ್ತೆ ಬಂದವು.

ಅದೇ ಪ್ರಶ್ನೆ ನಮ್ಮ ರಾಜ್ಯಕ್ಕೂ ಬಂತು, ನೆನಪಿದೆ ಅಲ್ವಾ? 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಹೊಂದಿಸಲಾಗದೆ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಕೊಡತೊಡಗಿತು. 2025ರಲ್ಲಿ ಮತ್ತೆ ಅಕ್ಕಿಗೇ ಬಂತು.

2011ರ ಆ ರೇಷನ್ ಸಮೀಕ್ಷೆ ಕೆಲಸಕ್ಕೆ ಬಂದದ್ದು ಯಾಕೆಂದರೆ ಅದರ ಉತ್ತರಕ್ಕೆ ಕಾಯುತ್ತಿದ್ದವರಿದ್ದರು. ಸಂಸದರೊಬ್ಬರ ಜೊತೆ ಯುವಕ ಯುವತಿಯರನ್ನು ಕೆಲಸಕ್ಕೆ ಹಾಕುವ ಲ್ಯಾಂಪ್ ಫೆಲೋಶಿಪ್ ಇದೆ. ಶಾಸನಗಳ ಬಗ್ಗೆ ಸಂಶೋಧನೆ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ ನಡೆಸುತ್ತದೆ. ಅಲ್ಲೂ ಹೀಗೇ. ನಾಳೆ ಸದನದಲ್ಲಿ ಕೇಳಬೇಕಾದ ಪ್ರಶ್ನೆ ಇವತ್ತು ರಾತ್ರಿಯೇ ಸಿದ್ಧವಾಗಬೇಕು, ಇಲ್ಲದಿದ್ದರೆ ಸಂಸದರೇ ಫೋನ್ ಮಾಡುತ್ತಾರೆ. ಅಮೆರಿಕದ ಹಾರ್ವರ್ಡ್ ಕೆನಡಿ ಸ್ಕೂಲಿನಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವಿದ್ಯಾರ್ಥಿಗಳು ಕೊನೆಯ ವರ್ಷ ಒಂದು ನಿಜವಾದ ಇಲಾಖೆಗೋ ಸಂಸ್ಥೆಗೋ ಅದರದ್ದೇ ಸಮಸ್ಯೆಯ ಮೇಲೆ ವರದಿ ಬರೆದುಕೊಡುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಇಷ್ಟು ವರ್ಷ ಆಗಿರುವುದು ಇದರ ತದ್ವಿರುದ್ಧ. ವಿಷಯ ಅವರು ತಂದರು, ಉತ್ತರವನ್ನೂ ಅವರೇ ತೆಗೆದುಕೊಂಡು ಹೋದರು.

ಆದ್ದರಿಂದ ಈ ಸಲ ವಿಷಯವನ್ನು ನೀವೇ ಕೊಡಿ. ಅದನ್ನು ಪತ್ರದಲ್ಲಿ ನೀವೇ ಬರೆದಿದ್ದೀರಿ: ಒಣ ಕಸ.

"ಜನ ಕೊಡಲ್ಲ" ಎಂದು ನೀವು ಬರೆದದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ನಿಜವೂ ಇರಬಹುದು, ಆದರೆ ಇನ್ನೂ ಯಾರೂ ನೋಡಿಲ್ಲ. ಮೊದಲ ವಾರ ಮಕ್ಕಳ ಕೈಗೆ ಫಾರಂ ಕೊಡಬೇಡಿ. ಬೆಳಿಗ್ಗೆ ಕಸದ ಗಾಡಿ ಸ್ವಚ್ಛ ವಾಹಿನಿ ಹೊರಡುವ ಹೊತ್ತಿಗೆ ಬಂದು ಅದರ ಹಿಂದೆ ನಡೆಯಲಿ. ಗಾಡಿ ಓಡಿಸುವ ಅಕ್ಕ, ಕಸ ತೆಗೆದುಕೊಳ್ಳುವ ಅಕ್ಕ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದವರೇ ಆಗಿದ್ದರೆ ಅವರಿಗೆ ಪ್ರತಿ ಮನೆಯ ಕಥೆ ಗೊತ್ತಿರುತ್ತದೆ. ಗಾಡಿ ಕೇರಿಗೆ ಬರುವುದು ಎಷ್ಟು ಗಂಟೆಗೆ? ಅಷ್ಟೊತ್ತಿಗೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಮನೆ ಬಿಟ್ಟಿರುತ್ತಾರಾ? ಗಾಡಿ ತಿರುಗದ ಓಣಿ ಯಾವುದು? ಒಂದೊಂದು ಮನೆಯ ಚೀಲದಲ್ಲಿ ಏನಿದೆ, ಹಾಲಿನ ಪ್ಯಾಕೆಟ್ಟಾ, ಗುಟ್ಕಾ ಚೀಟಿಯಾ, ಒದ್ದೆ ಡಯಾಪರಾ? ಡಯಾಪರ್ ಯಾವುದರ ಜೊತೆ ಹಾಕಬೇಕು ಅಂತ ಮನೆಯವರಿಗೆ ಯಾರಾದರೂ ಹೇಳಿದ್ದಾರಾ? ತಿಂಗಳ ಶುಲ್ಕ ಕೇಳುವಾಗ ಯಾವ ಮನೆಯ ಬಾಗಿಲು ಹಾಕಿಕೊಳ್ಳುತ್ತದೆ? ಕಸ ಬೇರ್ಪಡಿಸುವ ಸ್ವಚ್ಛ ಸಂಕೀರ್ಣದಲ್ಲಿ ಬೇರೆ ಮಾಡಿದ ಪ್ಲಾಸ್ಟಿಕ್ ಅನ್ನು ಯಾರು ಒಯ್ಯುತ್ತಾರೆ, ಕೆಜಿಗೆ ಎಷ್ಟು ಕೊಡುತ್ತಾರೆ, ಕವರ್‌ಗಳನ್ನು ಯಾಕೆ ಬಿಟ್ಟು ಹೋಗುತ್ತಾರೆ?

ಇಷ್ಟು ನೋಡಿದ ಮೇಲೆ ಅವರು ಫಾರಂ ಮಾಡಲಿ. ಕನ್ನಡದಲ್ಲೇ ಮಾಡಲಿ. ಇಂಗ್ಲಿಷ್ ಫಾರಂ ಹಿಡಿದು ಬಾಗಿಲಲ್ಲಿ ನಿಂತು ಬಾಯಲ್ಲೇ ಅನುವಾದ ಮಾಡಿದರೆ ನಾಲ್ವರೂ ನಾಲ್ಕು ಥರ ಕೇಳುತ್ತಾರೆ, ಬರುವ ಉತ್ತರ ಯಾರಿಗೂ ಪ್ರಯೋಜನವಿಲ್ಲ. ಎರಡೇ ವಾರ್ಡ್ ಸಾಕು. ಒಂದು ಕೊಡುವ ವಾರ್ಡ್, ಇನ್ನೊಂದು ಕೊಡದ ವಾರ್ಡ್. ಆರು ವಾರಕ್ಕೆ ಇದಕ್ಕಿಂತ ದೊಡ್ಡ ವಿಷಯ ಬೇಡ. ಕೇಂದ್ರ ಸರ್ಕಾರದ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ನವರು ಒಂದು ಜಿಲ್ಲೆಯ ಕೌಶಲ ತರಬೇತಿಯ ಯೋಜನೆಯನ್ನು ಕೈಗೆತ್ತಿಕೊಳ್ಳುತ್ತಿದ್ದದ್ದು ಎರಡು ವರ್ಷದ ಅವಧಿಗೆ. ಅವರಿಗೆ ಐಐಎಂನ ಪಾಠವಿತ್ತು, ಮೊದಲ ವರ್ಷ ತಿಂಗಳಿಗೆ 50,000, ಎರಡನೇ ವರ್ಷ 60,000 ರೂಪಾಯಿ ಸ್ಟೈಪೆಂಡ್ ಇತ್ತು. ನಿಮ್ಮ ಬಳಿ ಬರುವವರಿಗೆ ಆ ಸಮಯವೂ ಇಲ್ಲ, ಆ ಹಣವೂ ಇಲ್ಲ. "ಗ್ರಾಮೀಣ ನೈರ್ಮಲ್ಯದ ಸವಾಲುಗಳು" ಎಂಬ ಶೀರ್ಷಿಕೆ ಹೊತ್ತು ಯಾರಾದರೂ ಬಂದರೆ ಮುಲಾಜಿಲ್ಲದೆ ವಾಪಸ್ ಕಳಿಸಿ.

ಕಂಪ್ಯೂಟರ್ ಎಂಟ್ರಿ ಮಾಡಿಸಬಹುದಾ ಎಂದು ಕೇಳಿದ್ದೀರಿ. ಬೇಡ. ಬಾಕಿ ಕೆಲಸದ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಅದು ನಿಮ್ಮ ಆಪರೇಟರ್ ಕೆಲಸ. ಜನರ ಆಧಾರ್ ನಂಬರ್, ಬ್ಯಾಂಕ್ ಖಾತೆ ಇರುವ ದಾಖಲೆ ಹೊರಗಿನವರ ಕೈಗೆ ಹೋಗಬಾರದು. ಅಧ್ಯಯನಕ್ಕೆ ಪಟ್ಟಿ ಬೇಕೆಂದರೆ ಹೆಸರು, ನಂಬರ್ ತೆಗೆದ ಪ್ರತಿ ಕೊಡಿ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಈ ಮಕ್ಕಳಲ್ಲಿ ನಿಮ್ಮ ಸಿಬ್ಬಂದಿಗಿಲ್ಲದ ಒಂದು ಅನುಕೂಲ ಇದೆ. ಅವರು ಕಂದಾಯ ಕೇಳಲು ಬಂದವರಲ್ಲ, ಯಾರ ಪಕ್ಷದವರೂ ಅಲ್ಲ. ಬಿಲ್ ಕಲೆಕ್ಟರ್ ಮುಂದೆ ಬಾಯಿ ಬಿಡದ ಅಜ್ಜಿ ಇವರನ್ನು ಕೂರಿಸಿ ಕಾಫಿ ಕೊಟ್ಟು ಎಲ್ಲ ಹೇಳುತ್ತಾರೆ. ಅಂಥವರನ್ನು ಕಂಪ್ಯೂಟರ್ ಮುಂದೆ ಕೂರಿಸಿದರೆ ನಷ್ಟ ನಿಮಗೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಆರನೇ ವಾರವನ್ನು ಊರಿಗೇ ಮೀಸಲಿಡಿ. ಮನೆ ಮನೆ ಕೆಲಸ ಐದನೇ ವಾರಕ್ಕೆ ಮುಗಿಯಲಿ. ಕಾಲೇಜಿಗೆ ಕೊಡುವ ದಪ್ಪ ವರದಿ ಏನಾದರೂ ಇರಲಿ, ಅದಕ್ಕೂ ಮೊದಲು ಕನ್ನಡದಲ್ಲಿ ಎರಡು ಪುಟ ಬರೆದು ಆ ಎರಡು ವಾರ್ಡ್‌ಗಳ ಜನರ ಮುಂದೆ ಓದಬೇಕು. ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಎಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ದಿನಾಂಕ ಹೊಂದಿಸಿಕೊಂಡರೆ ಪ್ರತ್ಯೇಕ ಸಭೆಯೂ ಬೇಕಾಗಿಲ್ಲ. ಗಾಡಿಯ ಅಕ್ಕಂದಿರು ಅಲ್ಲಿ ಇರಲಿ, ಅಧ್ಯಕ್ಷರು, ಸದಸ್ಯರು ಇರಲಿ. "ನಮ್ಮ ಓಣಿಯಲ್ಲಿ ನೀವು ಬರೆದ ಹಾಗಿಲ್ಲ" ಎಂದು ಯಾರಾದರೂ ಎದ್ದು ನಿಂತರೆ ಅದೂ ವರದಿಗೆ ಸೇರಲಿ. ನೀತಿ ಓದುವ ಮಕ್ಕಳಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಕಾಲೇಜೂ ಇಡಲಾರದು.

ಒಂದು ಮಾತಿಗೆ ನೀವೂ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ತಪ್ಪು ಜನರದ್ದಲ್ಲ, ಪಂಚಾಯಿತಿಯದ್ದು ಎಂದು ವರದಿಯಲ್ಲಿ ಬರಬಹುದು. ಆಗ ಅದನ್ನು ಬೀರುವಿನಲ್ಲಿ ಇಡಬೇಡಿ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1990ರ ದಶಕದಲ್ಲಿ ನಗರದ ಸೇವಾ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸಿತು. ಮೊದಲ ಸಲ ಹೆಚ್ಚಿನ ಸಂಸ್ಥೆಗಳಿಗೆ ತೀರಾ ಕಡಿಮೆ ಅಂಕ ಬಂತು. ಪತ್ರಿಕೆಗಳಲ್ಲಿ ಅಚ್ಚಾಯಿತು, ಅಧಿಕಾರಿಗಳಿಗೆ ಮುಜುಗರವೂ ಆಯಿತು. 1999ರಲ್ಲಿ, 2003ರಲ್ಲಿ ಮತ್ತೆ ಕೇಳಿದರು. 2003ರ ಹೊತ್ತಿಗೆ ಜನರ ಸಮಾಧಾನ ಎದ್ದು ಕಾಣುವಷ್ಟು ಹೆಚ್ಚಿತ್ತು. ಅಂಕ ಒಂದರಿಂದಲೇ ಹೀಗಾಯಿತು ಎನ್ನಲಾಗದು. ಆದರೆ ಕಹಿ ಉತ್ತರವನ್ನು ಎಲ್ಲರ ಮುಂದೆ ಇಟ್ಟಿದ್ದರಿಂದ ಸರಿ ಮಾಡಬೇಕೆಂಬ ಒತ್ತಾಯ ಉಳಿಯಿತು. ನಿಮ್ಮಲ್ಲೂ ಗಾಡಿ ಅರ್ಧ ಗಂಟೆ ಬೇಗ ಬರಬೇಕು ಎಂದು ವರದಿಯಲ್ಲಿ ಬಂದರೆ ಮಾರನೇ ವಾರವೇ ಹಾಗೆ ಮಾಡಿ ನೋಡಿ. ಮಕ್ಕಳು ಇನ್ನೂ ಊರಲ್ಲಿರುವಾಗಲೇ ಮಾಡಿದರೆ ಬಹಳ ಒಳ್ಳೆಯದು.

ಖರ್ಚಿನ ವಿಷಯ. ಊಟ, ವಸತಿ, ಓಡಾಟ ಕಾಲೇಜಿನ ಜವಾಬ್ದಾರಿ ಎಂದು ಬರೆದು ಕೇಳಿ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ ಉಚಿತ, ಹುಡುಗರಿಗೆ ಟಿಕೆಟ್ ಬೇಕು. ಬಡ ಮನೆಯ ಹುಡುಗನಿಗೆ ಆರು ವಾರದ ಹೋಟೆಲ್ ಊಟ ಸಣ್ಣ ಮೊತ್ತವಲ್ಲ. ಉಳಿಯುವ ಜಾಗ ಹುಡುಕಲು ಮಾತ್ರ ನೀವು ಸಹಾಯ ಮಾಡಿ, ಹೊಸ ಊರಲ್ಲಿ ಅವರಿಗೆ ಯಾರ ಪರಿಚಯವೂ ಇರುವುದಿಲ್ಲ.

ಕಾಲೇಜಿನ ಪತ್ರಕ್ಕೆ ಈ ವಾರವೇ ಉತ್ತರ ಬರೆಯಿರಿ. ವಿಷಯ ನಮ್ಮದು, ಫಾರಂ ಕನ್ನಡದಲ್ಲಿ, ಕೊನೆಯ ವಾರ ವಾರ್ಡ್ ಸಭೆ, ಎರಡು ಪುಟದ ವರದಿ ಮೊದಲು ಪಂಚಾಯಿತಿಗೆ, ಆಮೇಲೆ ಕಾಲೇಜಿಗೆ. ಮಾರ್ಗದರ್ಶನ ಮಾಡುವ ಮೇಷ್ಟ್ರು ಒಮ್ಮೆಯಾದರೂ ಊರಿಗೆ ಬರಬೇಕು ಎಂದೂ ಸೇರಿಸಿ. ಒಪ್ಪದಿದ್ದರೆ ಈ ವರ್ಷ ಆಗುವುದಿಲ್ಲ ಎಂದು ಮರ್ಯಾದೆಯಿಂದ ತಿಳಿಸಿ, ಬೇರೆ ಕಾಲೇಜಿಗೆ ನೀವೇ ಬರೆಯಿರಿ. ಒಪ್ಪಿದರೆ ನಮಗೂ ತಿಳಿಸಿ. ಊರಿನವರ ಅನುಮತಿ ಇದ್ದರೆ ಆ ಎರಡು ಪುಟವನ್ನು, ಸಭೆಯಲ್ಲಿ ಬಂದ ಆಕ್ಷೇಪಗಳ ಸಮೇತ, ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.